ಮಕ್ಕಳಿಗೆ ಎಳೆಯೋ ಗಾಡಿ

ಫೋನಿನಲ್ಲಿ ಮಗಳ ಮಾತು ಪೂರ್ತಿ ಕೇಳಿಸಿದ್ದರೆ ಎಲ್ಡನ್ ಸೋಲ್‌ಬರ್ಗ್‌ನ ಆ ಶನಿವಾರ ಬೇರೆ ಥರ ಇರುತ್ತಿತ್ತು. ಆದರೆ ಬ್ರಿಟ್ಟಾ ಫೋನ್ ಮಾಡಿದ್ದು ಓಡುವ ಕಾರಿನಿಂದ, ಅಯೋವಾದ ಗುಡ್ಡಗಳ ನಡುವಿನಿಂದ. ಎಲ್ಡನ್ ಕಿವಿಗೆ ಹಿಡಿದಿದ್ದು ಮಡಚುವ ಹಳೇ ಫೋನು. ಒಂದೊಂದು ಗುಡ್ಡವೂ ನಾಲ್ಕು ನಾಲ್ಕು ಮಾತು ನುಂಗಿಹಾಕುತ್ತಿತ್ತು.

“ಅಪ್ಪಾ, ಹೊರಟಿದೀವಿ... ಮೂರು ಗಂಟೆಗೆಲ್ಲ... ಮೆರವಣಿಗೆಗೆ ಸರಿಯಾಗಿ... ಮಕ್ಕಳಿಗೆ ಎಳೆಯೋ ಗಾಡಿ... ಗಟ್ಟಿಯಾಗಿರ್ಬೇಕು... ಬಿದ್ದುಗಿದ್ದು ಪೆಟ್ಟಾಗ್ಬಾರ್ದು ನೋಡು... ಆರ್ವಿಡ್ ಅಂಗಡಿಗೆ ಹೋಗು, ಅಲ್ಲಿ...”

ಆಮೇಲೆ ಬರೀ ಕರಕರ. ಎಲ್ಡನ್ ಅಡುಗೆಮನೆಯ ಮೂರು ಮೂಲೆಯಲ್ಲೂ ನಿಂತು “ಹಲೋ, ಹಲೋ” ಎಂದು ಕೂಗಿ ನೋಡಿದ. ನಾಲ್ಕನೆಯ ಮೂಲೆಯಲ್ಲಿ ಫ್ರಿಜ್ ಇತ್ತು.

ಹೆಂಡತಿ ಮಾರ್ಲಿಸ್ ತೀರಿಕೊಂಡಾಗ ಬಂದುಹೋದ ಮೇಲೆ ಬ್ರಿಟ್ಟಾ ಊರಿಗೆ ಕಾಲಿಟ್ಟಿರಲಿಲ್ಲ. ಅವತ್ತು ಚರ್ಚಿನ ನೆಲಮಾಳಿಗೆಯಲ್ಲಿ ಎಲ್ಲರೂ ಊಟ ಮಾಡುತ್ತಿದ್ದಾಗ ಅವಳು, “ಇಲ್ಲಿ ಒಬ್ಬನೇ ಏನ್ಮಾಡ್ತೀಯ, ನಮ್ಮ ಜೊತೆ ಒಮಾಹಾಗೆ ಬಂದ್ಬಿಡು ಅಪ್ಪ” ಅಂದಿದ್ದಳು. ಮಾರ್ಲಿಸ್‌ಳ ಕನ್ನಡಕ ಇನ್ನೂ ಅಡುಗೆಮನೆಯ ಕಿಟಕಿಯಲ್ಲೇ ಇದೆ, ಅದನ್ನು ಎತ್ತಿಡುವ ಧೈರ್ಯ ತನಗಿಲ್ಲ ಎಂದು ಹೇಳಬೇಕಿತ್ತು. ಅದರ ಬದಲು ಎಲ್ಡನ್‌ನ ಬಾಯಿಗೆ ಬಂದದ್ದು, “ಬ್ಯಾಂಡ್ ಬಿಟ್ಟು ಹೇಗೆ ಬರ್ಲಿ?” ಎಂಬ ಮಾತು. ನಾರ್ಡಾಲ್ ಊರಿನ ಬ್ಯಾಂಡಿನಲ್ಲಿ ಅವನು ಟ್ಯೂಬಾ ಊದುತ್ತಿದ್ದ. ಮನುಷ್ಯನನ್ನು ಸುತ್ತಿಕೊಂಡು ಹೆಗಲ ಮೇಲೆ ಬಾಯಿ ತೆರೆಯುವ ಆ ಹಿತ್ತಾಳೆಯ ದೊಡ್ಡ ಕಹಳೆಯನ್ನು ಊರಿನಲ್ಲಿ ಇನ್ನೊಬ್ಬರು ಮುಟ್ಟಿರಲಿಲ್ಲ. “ನಮಗಿಂತ ಆ ಕೊಳವೆಯೇ ಹೆಚ್ಚಾಯ್ತಾ ನಿನಗೆ?” ಎಂದು ಬ್ರಿಟ್ಟಾ ಮಕ್ಕಳನ್ನು ಕಾರಿಗೆ ಹತ್ತಿಸಿದ್ದಳು.

ಅಲ್ಲಿಂದೀಚೆಗೆ ಭಾನುವಾರಕ್ಕೊಂದು ಫೋನು. ಒಮಾಹಾದ ಹವೆ, ನಾರ್ಡಾಲ್‌ನ ಹವೆ, ಮಕ್ಕಳು ಚೆನ್ನಾಗಿದಾರೆ, ಇಡ್ತೀನಿ. ಮಾರ್ಲಿಸ್ ಹೋಗಿ ಎಷ್ಟು ದಿನವಾಯಿತು ಎಂದು ಯಾರಾದರೂ ಕೇಳಿದರೆ ಎಲ್ಡನ್, “ಮೊನ್ನೆ ಮೊನ್ನೆ” ಅನ್ನುತ್ತಿದ್ದ. ಅವನಿಗೆ ನಿಜವಾಗಿಯೂ ಹಾಗೇ ಅನಿಸುತ್ತಿತ್ತು.

ಈಗ ಬ್ಯಾಂಡೂ ಇಲ್ಲ. ಏಪ್ರಿಲ್‌ನಲ್ಲಿ ಎಡ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಊರೆಲ್ಲ ಸೇರಿ ಮುಸುಕಿನ ಜೋಳ ಬೇಯಿಸಿ ತಿನ್ನುವ ಸಿಹಿಜೋಳದ ಹಬ್ಬದ ಮೆರವಣಿಗೆಯಲ್ಲಿ ಒಂದು ಮೈಲಿ ನಡೆಯುವುದು ಈ ವರ್ಷ ಆಗದ ಮಾತು ಎಂದು ಡಾಕ್ಟರು ಹೇಳಿದ್ದರು. “ಅಯ್ಯೋ, ಅದಕ್ಕೇನಂತೆ, ನೋಡೋಕೂ ಜನ ಬೇಕಲ್ಲ” ಎಂದು ಎಲ್ಡನ್ ಊರೆಲ್ಲ ಹೇಳಿಕೊಂಡು ತಿರುಗಿದ್ದ. ಟ್ಯೂಬಾದ ಪೆಟ್ಟಿಗೆಯನ್ನು ಮಾತ್ರ ಮಂಚದ ಕೆಳಗೆ ತಳ್ಳಿ ಚಾದರ ಇಳಿಬಿಟ್ಟಿದ್ದ.

ಅಂಥ ಹೊತ್ತಿನಲ್ಲಿ ಮಗಳು ತಾನಾಗಿಯೇ ಬರುತ್ತಿದ್ದಾಳೆ. ಕೇಳಿದ್ದೂ ಒಂದೇ ಒಂದು ಗಾಡಿ. ಅದೂ ಗಟ್ಟಿಯಾದದ್ದು, ಪೆಟ್ಟಾಗದ್ದು. ಆ ಮಾತು ಎಲ್ಡನ್‌ಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಬ್ರಿಟ್ಟಾ ಐದು ವರ್ಷದವಳಿದ್ದಾಗ ಅವನು ಚೀಸ್ ಕಾರ್ಖಾನೆಯ ಹಳೇ ಚಕ್ರಗಳನ್ನು ತಂದು ತಾನೇ ಒಂದು ಎಳೆಯುವ ಗಾಡಿ ಮಾಡಿದ್ದ. ಚರ್ಚಿನ ದಿಬ್ಬದಲ್ಲಿ ಹಿಡಿ ಕೈಗೇ ಕಿತ್ತುಬಂದು, ಗಾಡಿ ಮಗುವಿನ ಸಮೇತ ಇಳಿದುಹೋಗಿ ಚರ್ಚಿನ ಸೂಚನಾ ಫಲಕಕ್ಕೆ ಬಡಿದಿತ್ತು. ಗದ್ದಕ್ಕೆ ನಾಲ್ಕು ಹೊಲಿಗೆ. ಮಾರ್ಲಿಸ್ ಆ ಕತೆಯನ್ನು ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ, ಟರ್ಕಿ ಕೋಳಿಗೂ ಪೈಗೂ ನಡುವೆ, ತಪ್ಪದೆ ಬಡಿಸುತ್ತಿದ್ದಳು.

“ಈ ಸಲ ಹಾಗಾಗಲ್ಲ” ಎಂದು ಎಲ್ಡನ್ ಫ್ರಿಜ್‌ಗೆ ಹೇಳಿ, ಊರುಗೋಲು ಹಿಡಿದು ಹೊರಬಿದ್ದ.

ಎದುರು ಮನೆಯ ವೆಂಡೆಲ್ ತನ್ನ ಪಿಕಪ್ ಟ್ರಕ್ಕನ್ನು ಎಮ್ಮೆ ತೊಳೆದ ಹಾಗೆ ತೊಳೆಯುತ್ತಿದ್ದ. ನಲವತ್ತು ವರ್ಷ ಟ್ರ್ಯಾಕ್ಟರ್ ರಿಪೇರಿ ಮಾಡಿದ ಮನುಷ್ಯ. ನಿವೃತ್ತನಾದ ಮೇಲೆ ರಿಪೇರಿಗೆ ಏನೂ ಸಿಗದೆ ನೆರೆಹೊರೆಯವರ ತೀರ್ಮಾನಗಳನ್ನು ರಿಪೇರಿ ಮಾಡುತ್ತಿದ್ದ.

“ಎಲ್ಲಿಗಯ್ಯ, ಕುಂಟ್ಕೊಂಡು?”

“ಮೊಮ್ಮಕ್ಕಳು ಬರ್ತಿದಾರೆ ಕಣೋ. ಆರ್ವಿಡ್ ಅಂಗಡೀಲಿ ಎಳೆಯೋ ಗಾಡಿ ಒಂದು ನೋಡ್ಬೇಕು.”

ವೆಂಡೆಲ್ ನೀರಿನ ಪೈಪು ಕೆಳಗೆ ಹಾಕಿದ. “ಒಬ್ನೇ ಹೋಗ್ತೀಯಾ? ನಿನಗೆ ಅಚ್ಚು ಯಾವ್ದು, ಬೇರಿಂಗ್ ಯಾವ್ದು ಗೊತ್ತಾ? ಹಿಂದೆ ಒಂದು ಗಾಡಿ ಮಾಡಿದ್ದೆಯಲ್ಲ, ಊರೇ ನೋಡಿದೆ. ಹತ್ತು, ಟ್ರಕ್ ಹತ್ತು.”

ಅಷ್ಟರಲ್ಲಿ ಪಕ್ಕದ ಮನೆಯ ಜಗುಲಿಯಿಂದ ಡೊಲೋರೆಸ್ ಪೆಹಾಚೆಕ್ ಅವರ ದನಿ ಬಂತು. ಊರಿನ ಶಾಲೆಯಲ್ಲಿ ನರ್ಸ್ ಆಗಿದ್ದವರು. ಊರಿನ ಅರ್ಧ ಜನರ ಮಂಡಿಗೆ ಔಷಧಿ ಹಚ್ಚಿದ್ದವರಾದ್ದರಿಂದ ಅವರೆದುರು ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

“ಗಾಡೀನಾ? ನಿಲ್ಲಿ, ನಾನೂ ಬರ್ತೀನಿ. ಗಾಡಿಗೆ ಬೆರಳು ಸಿಗಿಸ್ಕೊಂಡು ಬಂದ ಮಕ್ಕಳು ಎಷ್ಟು ಅಂತ ನನ್ನ ಕೇಳಿ ಎಲ್ಡನ್. ಈ ವೆಂಡೆಲ್ ಮಾತು ಕೇಳಿದ್ರೆ ನಿಮ್ಮ ಮೊಮ್ಮಕ್ಕಳಿಗೆ ಟ್ರ್ಯಾಕ್ಟರೇ ಕೊಡಿಸ್ತಾನೆ.”

ಮುಂದಿನ ಒಂದೇ ಸೀಟಿನಲ್ಲಿ ಮೂವರೂ ತುರುಕಿಕೊಂಡು ಹೊರಟರು. ನಡುವೆ ಕೂತ ಎಲ್ಡನ್‌ಗೆ ಎಡಗಿವಿಯಲ್ಲಿ ಬೇರಿಂಗು, ಬಲಗಿವಿಯಲ್ಲಿ ಬೆರಳು.

ಆರ್ವಿಡ್ ಲುಂಡ್ ಊರಿನ ಏಕೈಕ ಹಾರ್ಡ್‌ವೇರ್ ಅಂಗಡಿಯ ಮಾಲೀಕ, ಊರಿನ ಏಕೈಕ ಬ್ಯಾಂಡಿನ ಮುಖ್ಯಸ್ಥ. ಅವತ್ತು ಎರಡೂ ಕೆಲಸ ಒಟ್ಟಿಗೆ ಬಿದ್ದಿದ್ದರಿಂದ ಕೆಳಗೆ ಬ್ಯಾಂಡಿನ ಕೆಂಪು ಪಟ್ಟಿಯ ಪ್ಯಾಂಟು, ಮೇಲೆ ಅಂಗಡಿಯ ಏಪ್ರನ್ ಹಾಕಿಕೊಂಡಿದ್ದ. ಎಲ್ಡನ್‌ನನ್ನು ನೋಡಿದ್ದೇ ಮುಖ ಅರಳಿಸಿ ಗೋಡೆಯ ಬದಿಗೆ ಕರೆದೊಯ್ದ. ಅಲ್ಲಿ ಹಸಿರು ಬಣ್ಣದ ದೊಡ್ಡ ಕಬ್ಬಿಣದ ಗಾಡಿಯೊಂದಿತ್ತು. ಗಾಳಿ ತುಂಬಿದ ದಪ್ಪ ಚಕ್ರಗಳು, ತೋಳಿನಷ್ಟು ಗಟ್ಟಿ ಹಿಡಿ.

“ಇದೇ ನೋಡು ನಿಂದು. ಒಂದೇ ಒಂದು ಉಳಿದಿರೋದು. ಇನ್ನೂರು ಕಿಲೋ ಹಾಕಿದ್ರೂ ಜಪ್ಪಯ್ಯ ಅನ್ನಲ್ಲ.”

ಎಲ್ಡನ್ ಅದನ್ನು ಸುತ್ತಿ ನೋಡಿದ. “ಇದು ತೋಟಕ್ಕೆ ಗೊಬ್ಬರ ಹೊರೋದಲ್ವೇನೋ?”

“ಬ್ರಿಟ್ಟಾನೇ ಫೋನ್ ಮಾಡಿ ಇದನ್ನ ಹೇಳಿದ್ದು ಕಣಪ್ಪ.”

“ತಾಯಂದಿರು ಬಣ್ಣ ನೋಡಿ ಹೇಳ್ತಾರೆ” ಎಂದು ಡೊಲೋರೆಸ್ ಮಧ್ಯೆ ಬಂದರು. “ಇದ್ರಲ್ಲಿ ಬೆಲ್ಟ್ ಎಲ್ಲಿದೆ? ಪಕ್ಕದ ಗೋಡೆ ಎಷ್ಟು ಎತ್ತರ ಇದೆ ನೋಡಿ, ಒಂದು ಗೇಣು! ಮಗು ಸೀನಿದ್ರೆ ಆಚೆ ಬೀಳತ್ತೆ.”

“ಬ್ರಿಟ್ಟಾಗೆ ಗಾಡಿ ವಿಷಯ ಏನು ಗೊತ್ತು” ಅಂದ ಎಲ್ಡನ್. ಅಂದಮೇಲೆ ಅವಳ ಗದ್ದ ನೆನಪಾಗಿ ಸುಮ್ಮನಾದ. ಅವಳಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರಲಿಕ್ಕಿಲ್ಲ. ಆದರೂ ಮಗಳು ಹೇಳಿದ್ದಕ್ಕಿಂತ ಒಳ್ಳೆಯದನ್ನೇ ಕೊಟ್ಟು ಬೆರಗುಗೊಳಿಸಬೇಕು ಎಂಬ ಆಸೆ ಅವನ ತಲೆಗೆ ಹೊಕ್ಕಾಗಿತ್ತು.

“ಮಕ್ಕಳಿಗೆ ಎಷ್ಟು ವಯಸ್ಸು?” ಡೊಲೋರೆಸ್ ಕೇಳಿದರು.

“ಹುಡುಗಿ ಹೇಝಲ್‌ಗೆ ನಾಲ್ಕು. ಹುಡುಗ ಓಟಿಸ್‌ಗೆ ಎರಡು. ಇವತ್ತಿಗೂ ಅವನು ಎರಡು ಹೆಜ್ಜೆಗೊಂದ್ಸಲ ಬೀಳ್ತಾನೆ.”

ಆರ್ವಿಡ್ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ. ಮುಖ ಟೊಮೇಟೊದ ಹಾಗಾಯಿತು. “ಎಲ್ಡನ್, ಒಂದ್ಸಲ ನೀನೇ ಇದ್ರಲ್ಲಿ ಕೂತು ನೋಡಿದ್ರೆ ಹೇಗೆ?”

“ನಾನ್ಯಾಕೆ ಕೂರ್ಲಿ? ನನ್ನ ತೂಕದ ಬಗ್ಗೆ ಏನಾದ್ರೂ ಹೇಳೋದಿದ್ರೆ ನೇರವಾಗಿ ಹೇಳು.”

“ಹಾಗಲ್ಲ ಮಾರಾಯ...”

“ವ್ಯಾಪಾರಿ ಬುದ್ಧಿ” ಎಂದು ವೆಂಡೆಲ್ ಎಲ್ಡನ್‌ನ ಕಿವಿಯಲ್ಲಿ ಹೇಳಿದ. “ಖರ್ಚಾಗದ್ದನ್ನ ತಲೆಗೆ ಕಟ್ತಿದಾನೆ.”

ಪರೀಕ್ಷೆ ಶುರುವಾಯಿತು. ಮೊದಲು ಕೆಂಪು ತಗಡಿನ ಗಾಡಿ. ವೆಂಡೆಲ್ ಅದರ ಕೆಳಗೆ ಅಂಗಾತ ಮಲಗಿ ಅಚ್ಚನ್ನು ಮೆಚ್ಚಿಕೊಂಡ. ಡೊಲೋರೆಸ್ ಅಂಚಿನ ಮೇಲೆ ಹೆಬ್ಬೆರಳು ಎಳೆದು, “ಇದ್ರಲ್ಲಿ ಬ್ರೆಡ್ ಕುಯ್ಯಬಹುದು” ಎಂದು ತಳ್ಳಿಹಾಕಿದರು. ಆಮೇಲೆ ಬಟ್ಟೆಯ ಮಡಚುವ ಗಾಡಿ. ಮಡಚುವ ಜಾಗದಲ್ಲಿ ಮಕ್ಕಳ ಬೆರಳು ಹೇಗೆ ಸಿಗುತ್ತದೆ ಎಂದು ತೋರಿಸಲು ಡೊಲೋರೆಸ್ ತಮ್ಮ ಬೆರಳನ್ನೇ ಇಟ್ಟರು. ಅದು ಸಿಕ್ಕೇಬಿಟ್ಟಿತು. ಬಿಡಿಸಲು ಆರ್ವಿಡ್‌ಗೆ ಸ್ಕ್ರೂ ಡ್ರೈವರ್ ಬೇಕಾಯಿತು. ನೋವಿನಲ್ಲೂ ಅವರ ಮುಖದಲ್ಲಿ, ನಾನು ಹೇಳಲಿಲ್ಲವೇ ಎಂಬ ಕಳೆ ಇತ್ತು.

ಮೂರನೆಯದು ಕಟಕಟೆಯಂಥ ಮರದ ಗೋಡೆಗಳ ಗಾಡಿ. ನೋಡಲು ಲಕ್ಷಣವಾಗಿತ್ತು. ಎಲ್ಡನ್‌ನ ಮನಸ್ಸು ಕರಗಿತು.

“ನೋಡೋಕಲ್ಲ ಗಾಡಿ, ಇಳಿಜಾರಲ್ಲಿ ಗೊತ್ತಾಗತ್ತೆ” ಎಂದ ವೆಂಡೆಲ್, ಗಡಸು ನೀರನ್ನು ಮೆದುವಾಗಿಸಲು ಹಾಕುವ ಉಪ್ಪಿನ ದೊಡ್ಡ ಚೀಲ ಎರಡನ್ನು ಅದರಲ್ಲಿ ಪಕ್ಕಪಕ್ಕ ಕೂರಿಸಿದ. “ಇದು ಹೇಝಲ್, ಇದು ಓಟಿಸ್. ಬಾ ಹೊರಗೆ.”

ಅಂಗಡಿಯ ಮುಂದಿನ ದೊಡ್ಡ ಬೀದಿ ಹೊಳೆಯ ಕಡೆಗೆ ಇಳಿಯುತ್ತದೆ. ಹಬ್ಬಕ್ಕೆಂದು ವಾಹನಗಳನ್ನು ಆಗಲೇ ನಿಲ್ಲಿಸಿದ್ದರು. ವೆಂಡೆಲ್ ಹಿಡಿಯನ್ನು ಎಲ್ಡನ್‌ನ ಕೈಗೆ ಕೊಟ್ಟು, ತಾನು ಚಕ್ರ ನೋಡಲು ಬಗ್ಗಿದ. “ಹಿಡಿ ಜೋರಾಗಿ ಅಲ್ಲಾಡಿಸಿ ನೋಡಿ” ಅಂದರು ಡೊಲೋರೆಸ್. ಎಲ್ಡನ್ ಅಲ್ಲಾಡಿಸಿದ. ಹಿಡಿ ಗಟ್ಟಿಯಾಗಿಯೇ ಇತ್ತು, ಗಟ್ಟಿಯಿಲ್ಲದ್ದು ಅವನ ಮಂಡಿ. ಊರುಗೋಲು ಜಾರಿತು, ಅದನ್ನು ಹಿಡಿಯಲು ಹೋಗಿ ಗಾಡಿಯನ್ನು ಬಿಟ್ಟ.

ಹೇಝಲ್ ಮತ್ತು ಓಟಿಸ್ ಎಂಬ ಎರಡು ಉಪ್ಪಿನ ಚೀಲಗಳು ಹಬ್ಬ ನೋಡಲು ಹೊರಟವು. ತೇರು ಬಿಟ್ಟ ಹಾಗೆ ನಿಧಾನವಾಗಿ ಹೊರಟ ಗಾಡಿ ಅಂಚೆ ಕಚೇರಿ ದಾಟುವಷ್ಟರಲ್ಲಿ ಕಟ್ಟು ಬಿಚ್ಚಿಕೊಂಡ ಕರುವಾಗಿತ್ತು. “ಹಿಡೀರಿ, ಮಕ್ಕಳಿದಾರೆ!” ಎಂದು ಎಲ್ಡನ್ ಏಕೆ ಕೂಗಿದನೋ ಅವನಿಗೇ ಗೊತ್ತಿಲ್ಲ. ಎದೆ ಆಗ ಹೊಡೆದುಕೊಂಡದ್ದು ಉಪ್ಪಿಗಾಗಿ ಅಲ್ಲ. ನಲವತ್ತು ವರ್ಷದ ಹಿಂದಿನ ದಿಬ್ಬ ಕಣ್ಣೆದುರು ಇಳಿದುಹೋಗುತ್ತಿತ್ತು.

ಜೋಳ ಬೇಯಿಸುವ ಚರ್ಚಿನವರ ಡೇರೆಯ ಮುಂದೆ ಗಾಡಿ ನಿಂತಿತು. ಅಂದರೆ, ಅವರ ಕೈಗಾಡಿಗೆ ಗುದ್ದಿ ನಿಂತಿತು. ಕೈಗಾಡಿಯ ಒಂದು ಚಕ್ರ ಕಳಚಿ ತನ್ನಷ್ಟಕ್ಕೆ ಹೊಳೆಯ ಕಡೆ ನಡೆದುಹೋಯಿತು. ಒಂದು ಚೀಲ ಹರಿದು ಸಿಪ್ಪೆ ಸುಲಿದಿಟ್ಟ ಜೋಳದ ಮೇಲೆ ಉಪ್ಪಿನ ಆಲಿಕಲ್ಲು ಸುರಿಯಿತು. “ಅದು ತಿನ್ನೋ ಉಪ್ಪಲ್ಲ! ಯಾರೂ ಬಾಯಿಗೆ ಹಾಕ್ಬೇಡಿ!” ಎಂದು ಡೊಲೋರೆಸ್ ಬ್ಯಾಂಡೇಜಿನ ಬೆರಳೆತ್ತಿ ಕೂಗುತ್ತ ಓಡಿದರು.

ಚರ್ಚಿನ ಪಾಸ್ಟರ್ ರೂತ್ ಕೈಯಲ್ಲಿ ಉದ್ದದ ಇಕ್ಕಳ ಹಿಡಿದು ನಿಂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಯಾರಿಗೂ ಪೆಟ್ಟಾಗ್ಲಿಲ್ವಲ್ಲ, ಬಿಡಿ ಎಲ್ಡನ್” ಅಂದರು. “ಆದ್ರೆ ಒಲೆಯಿಂದ ಮೇಜಿಗೆ ಜೋಳ ಸಾಗಿಸೋಕೆ ನಮಗಿದ್ದದ್ದು ಇದೊಂದೇ ಗಾಡಿ. ಇವತ್ತು ಇಡೀ ಊರಿಗೆ ಬಡಿಸ್ಬೇಕು.”

ಎಲ್ಡನ್ ಟೋಪಿ ತೆಗೆದು ಕೈಯಲ್ಲಿ ಹಿಂಡಿದ. ಪರಿಹಾರ ತಟ್ಟನೆ ಹೊಳೆಯಿತು. ಹೊಳೆದದ್ದಕ್ಕೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕು ಅನ್ನಿಸಿತು. “ಪಾಸ್ಟರ್, ಆರ್ವಿಡ್ ಅಂಗಡೀಲಿ ಹಸಿರು ಗಾಡಿ ಒಂದಿದೆ. ಇನ್ನೂರು ಕಿಲೋ ಹೊರತ್ತೆ. ಅದು ನಿಮ್ಮದು. ನಾನು ಕೊಡಿಸ್ತೀನಿ.”

ಹಿಂದೆಯೇ ಏದುಸಿರು ಬಿಡುತ್ತ ಬಂದ ಆರ್ವಿಡ್ ಏಪ್ರನ್ನಿಗೆ ಕೈ ಒರೆಸಿಕೊಂಡ.

“ಅದಾ? ಅದು... ಅದನ್ನ ಕೊಡೋ ಹಾಗಿಲ್ಲ ಎಲ್ಡನ್.”

“ಯಾಕೆ? ಯಾರಾದ್ರೂ ಎತ್ತಿಡೋಕೆ ಹೇಳಿದಾರಾ?”

“ಹೂಂ. ನಿನ್ನ ಮಗಳೇ.”

“ನನ್ನ ಮಗಳು ನನಗೆ ಹೇಳಿದ್ದು, ನಾನು ಬೇಡ ಅಂದೆ. ಇನ್ನೇನು? ಕೊಡು ಅವರಿಗೆ.”

“ಎಲ್ಡನ್, ನಾನು ಹೇಳ್ಬಾರ್ದು... ಮಾತು ಕೊಟ್ಟಿದೀನಿ... ಆದ್ರೆ ಅದು...” ಆರ್ವಿಡ್ ಆಕಾಶ ನೋಡಿದ, ಪಾಸ್ಟರ್ ಮುಖ ನೋಡಿದ. ಹಿಂದೆ ಡೇರೆಯಲ್ಲಿ ಹಂಡೆ ಕುದಿಯುತ್ತಿತ್ತು, ಜನ ಆಗಲೇ ಸಾಲುಗಟ್ಟುತ್ತಿದ್ದರು. ಚರ್ಚಿನ ಜೋಳಕ್ಕೆ ಕೊಡಲಾರೆ ಎಂದು ಪಾಸ್ಟರ್ ಎದುರು ಹೇಳುವ ಧೈರ್ಯ ನಾರ್ಡಾಲ್‌ನಲ್ಲಿ ಯಾವ ಅಂಗಡಿಯವನಿಗೂ ಇಲ್ಲ. ಹತ್ತು ನಿಮಿಷದಲ್ಲಿ ಎಲ್ಡನ್ ತನ್ನ ಕೈಯಾರೆ ಹಸಿರು ಗಾಡಿಯನ್ನು ಡೇರೆಗೆ ತಲುಪಿಸಿದ. ಆರ್ವಿಡ್ ಅಂಗಡಿಯ ಹಿಂದೆ ನಿಂತು ಯಾರಿಗೋ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದ. ಅತ್ತ ಕಡೆ ಯಾರೂ ಎತ್ತಲಿಲ್ಲ.

ಕೊನೆಗೆ ಮನೆಗೆ ಬಂದದ್ದು ಪ್ಲಾಸ್ಟಿಕ್ಕಿನ ಗಾಡಿ. ಅಂಚುಗಳೆಲ್ಲ ಸಾಬೂನಿನ ಹಾಗೆ ದುಂಡಗೆ. ಎದುರುಬದುರು ಎರಡು ಪುಟ್ಟ ಸೀಟು, ಸೀಟಿಗೊಂದು ಬೆಲ್ಟು, ಚಿಲಕದ ಬಾಗಿಲು, ಮೇಲೆ ಬಿಸಿಲಿಗೆ ಚಪ್ಪರ, ಹಾಲಿನ ಬಾಟಲಿ ಇಡಲು ಗುಳಿ. ವೆಂಡೆಲ್ ಹಿಡಿಗೆ ಒಂದು ಮೊಳೆ ಹೆಚ್ಚು ಹೊಡೆದು ಸರಪಳಿ ಬಿಗಿದ. ಡೊಲೋರೆಸ್ ಬಾಗಿಲಿನ ಸಂದಿಗೆ ಸ್ಪಂಜು ಅಂಟಿಸಿದರು. ಇಷ್ಟಾದ ಮೇಲೂ ಯಾವುದಾದರೂ ಮಗುವಿಗೆ ಪೆಟ್ಟಾದರೆ ಅದು ಆ ಮಗುವಿನ ಹಟವೇ ಸರಿ ಎಂದು ಇಬ್ಬರೂ ಅವತ್ತು ಮೊದಲ ಬಾರಿಗೆ ಒಪ್ಪಿಕೊಂಡರು.

ಎರಡೂವರೆಗೆ ಎಲ್ಡನ್ ಇಸ್ತ್ರಿ ಅಂಗಿ ಹಾಕಿಕೊಂಡು ಜಗುಲಿಯಲ್ಲಿ ಕೂತ. ಸೀಟಿನಲ್ಲಿ ಎರಡು ದಿಂಬು ಇಟ್ಟು ಬೆಲ್ಟ್ ಬಿಗಿದು, ಒಂದೆರಡು ಸಲ ಹಿಂದೆಮುಂದೆ ಎಳೆದು ನೋಡಿದ. ಚಕ್ರ ಸದ್ದು ಮಾಡಲಿಲ್ಲ. ಕಳೆದ ಸಲ ಚರ್ಚಿನಲ್ಲಿ ಹೇಝಲ್ ಅವನ ಟೈ ಹಿಡಿದುಕೊಂಡೇ ಮಡಿಲಲ್ಲಿ ನಿದ್ದೆ ಹೋಗಿದ್ದಳು. ಅವಳನ್ನು ಎತ್ತಿ ಕಾರಿನಲ್ಲಿ ಮಲಗಿಸುವಾಗ ಬ್ರಿಟ್ಟಾಗೆ ಏನಾದರೂ ಒಳ್ಳೆಯ ಮಾತು ಹೇಳಬಹುದಿತ್ತು. ಹೇಳಿರಲಿಲ್ಲ. ಇವತ್ತು ಮಾತು ಬರದಿದ್ದರೂ ಗಾಡಿ ಇದೆ, ಅದು ಹೇಳುತ್ತದೆ ಅಂದುಕೊಂಡ.

ಮೂರಕ್ಕೆ ಐದು ನಿಮಿಷವಿದ್ದಾಗ ಕಾರು ಬಂತು.

ಮುಂದಿನ ಬಾಗಿಲಿಂದ ಬ್ರಿಟ್ಟಾ ಇಳಿದಳು. ಹಿಂದಿನಿಂದ ಕನ್ನಡಕ ಹಾಕಿದ, ಅವನ ಎದೆಯೆತ್ತರದ ಹುಡುಗಿಯೊಬ್ಬಳು ಇಳಿದಳು. ಅವಳ ಹಿಂದೆ ಮುಂದಿನ ಹಲ್ಲು ದೊಡ್ಡದಾಗಿ ಬಂದಿದ್ದ, ಕೊಕ್ಕರೆಯ ಕಾಲಿನ ಹುಡುಗ, ಕಂಕುಳಲ್ಲಿ ಸುರುಳಿ ಸುತ್ತಿದ ದೊಡ್ಡ ಕಾಗದ. ಎಲ್ಡನ್ ಇಬ್ಬರಿಗೂ ನಗುತ್ತ ತಲೆಯಾಡಿಸಿ, ಅವರನ್ನು ದಾಟಿ, ಕಾರಿನೊಳಗೆ ಬಗ್ಗಿ ನೋಡಿದ. ಹಿಂದಿನ ಸೀಟಿನಲ್ಲಿ ಚಿಪ್ಸಿನ ಖಾಲಿ ಪೊಟ್ಟಣಗಳಿದ್ದವು.

“ಮಕ್ಕಳೆಲ್ಲಿ?” ಅಂದ.

ಬೇಲಿಯ ಆಚೆಯಿಂದ ಬಗ್ಗಿ ನೋಡುತ್ತಿದ್ದ ಡೊಲೋರೆಸ್ ಪಕ್ಕದಲ್ಲಿದ್ದ ವೆಂಡೆಲ್‌ನ ತೋಳು ಹಿಡಿದುಕೊಂಡರು.

“ಇವರೇ ಅಪ್ಪ” ಅಂದಳು ಬ್ರಿಟ್ಟಾ ಮೆಲ್ಲಗೆ. “ಅಮ್ಮ ಹೋಗಿ ಆರು ವರ್ಷ ಆಯ್ತಲ್ಲ.”

ಆರು. ಎಲ್ಡನ್ ಕಾರಿನ ಬಾಗಿಲು ಹಿಡಿದುಕೊಂಡ. ಮೊನ್ನೆ ಮೊನ್ನೆ ಎನ್ನುತ್ತ ಆರು ವರ್ಷ ಅವನ ಮನೆ ಮುಂದಿನಿಂದಲೇ ಹಾದುಹೋಗಿದ್ದವು. ಭಾನುವಾರಕ್ಕೊಂದರಂತೆ ಮುನ್ನೂರು ಸಲ ಫೋನಿನಲ್ಲಿ ಹವೆ ಕೇಳಿದ್ದ. ಮಗು ಎಷ್ಟುದ್ದ ಬೆಳೆಯಿತು ಎಂದು ಒಂದು ಸಲವೂ ಕೇಳಿರಲಿಲ್ಲ.

ಬ್ರಿಟ್ಟಾಳ ಕಣ್ಣು ಆಗ ಗಾಡಿಯ ಮೇಲೆ ಬಿತ್ತು. “ಇದೇನಪ್ಪ? ಆರ್ವಿಡ್ ಎತ್ತಿಟ್ಟಿದ್ದ ಹಸಿರು ಗಾಡಿ ಎಲ್ಲಿ?”

“ನೀನು ಮಕ್ಕಳಿಗೆ ಗಾಡಿ ಅಂದೆ... ಗಟ್ಟಿಯಾದ್ದು, ಪೆಟ್ಟಾಗದ್ದು...”

“ಮಕ್ಕಳಿಗೆ *ಎಳೆಯೋಕೆ* ಅಂದೆ! ಮಕ್ಕಳು ಎಳೀತಾರೆ, ನೀನು ಕೂರ್ತೀಯ. ಬ್ಯಾಂಡ್ ಜೊತೆಗೆ, ಟ್ಯೂಬಾ ಹಿಡ್ಕೊಂಡು. ಆರ್ವಿಡ್ ಹತ್ರ ಎಲ್ಲ ಮಾತಾಡಿದ್ದೆ. ಅವರು ಕೊಟ್ಟಿದ್ದನ್ನ ಏನೂ ಕೇಳ್ದೆ ತಗೊಂಡ್ಬಾ ಅಂತ ಸಾರಿ ಸಾರಿ ಹೇಳಿದ್ನಲ್ಲ ಫೋನಲ್ಲಿ!”

ಆ ಮಾತನ್ನು ಯಾವ ಗುಡ್ಡ ನುಂಗಿತ್ತೋ.

“ನಾನು ಅವತ್ತು ಆ ಕೊಳವೆ ಬಗ್ಗೆ ಹಾಗೆ ಅನ್ನಬಾರ್ದಿತ್ತು” ಎಂದಳು ಬ್ರಿಟ್ಟಾ. “ಈ ವರ್ಷ ನಿನಗೆ ಊದೋಕೆ ಆಗಲ್ಲ ಅಂತ ಕೇಳಿ ಒಂದು ವಾರ ನಿದ್ದೆ ಬರ್ಲಿಲ್ಲ. ಅದಕ್ಕೇ...”

ಹುಡುಗ ಓಟಿಸ್ ಕಾಗದದ ಸುರುಳಿ ಬಿಚ್ಚಿದ. ದಪ್ಪ ಬಣ್ಣದ ಅಕ್ಷರಗಳಲ್ಲಿ ‘ನಮ್ಮ ತಾತ’ ಎಂದು ಬರೆದು, ಕೆಳಗೆ ಬಸವನಹುಳುವಿನಂಥದೊಂದು ಚಿತ್ರ ಬರೆದಿದ್ದರು. ಅದು ಟ್ಯೂಬಾ.

ಅಷ್ಟರಲ್ಲಿ ಆರ್ವಿಡ್ ಪೂರ್ತಿ ಬ್ಯಾಂ‌ಡಿನ ಉಡುಪಿನಲ್ಲಿ ಓಡುತ್ತ ಬಂದ. “ಹೇಳೋಕೆ ಎಷ್ಟು ಒದ್ದಾಡಿದೆ ಗೊತ್ತಾ ಬ್ರಿಟ್ಟಾ! ಹೇಳಿದ್ರೆ ಕೊಲ್ತೀನಿ ಅಂದಿದ್ದೆ ನೀನು. ಜೋಳದ ಡೇರೆಗೆ ಹೋಗಿ ನೋಡ್ಬಂದೆ, ಗಾಡಿ ತುಂಬ ಬಿಸಿ ಜೋಳ, ಬೀದಿ ತುಂಬ ಜನ. ಅವರ ಕೈಯಿಂದ ಕಿತ್ಕೊಳ್ಳೋಕಾಗತ್ತಾ? ಇನ್ನು ಅರ್ಧ ಗಂಟೇಲಿ ನಾವು ಹೊರಡ್ಬೇಕು.”

“ಇದ್ರಲ್ಲೇ ಕೂರ್ಸೋಣ” ಎಂದ ವೆಂಡೆಲ್. ಚಪ್ಪರ ಕಿತ್ತು, ದಿಂಬು ತೆಗೆದು, ಇಬ್ಬರು ತೋಳು ಹಿಡಿದು ಎಲ್ಡನ್‌ನನ್ನು ಮೆಲ್ಲಗೆ ಇಳಿಸಿದರು. ಅರ್ಧ ದಾರಿಯಲ್ಲಿ ಎಲ್ಡನ್ ನಿಂತ. ಮುಂದಕ್ಕೆ ಇಳಿಯುವಂತಿಲ್ಲ. ಹಿಂದಿನ ಸೀಟು ಒಂದು ಸಲ ಚಟ್ ಅಂದಿತು. ಮೇಲಕ್ಕೆ ಎಬ್ಬಿಸಿದರೆ ಗಾಡಿಯೂ ಅವನ ಜೊತೆ ಎದ್ದು ನಿಂತಿತು. ಆರ್ವಿಡ್ ಹಿಂದಿನಿಂದ ಗಾಡಿಯನ್ನೂ ವೆಂಡೆಲ್ ಮುಂದಿನಿಂದ ಎಲ್ಡನ್‌ನನ್ನೂ ಎಳೆದು ಬೇರೆ ಮಾಡಬೇಕಾಯಿತು. “ಎಷ್ಟು ಗಟ್ಟಿಯಾಗಿ ಹಿಡ್ಕೊಳ್ತು ನೋಡಿದ್ರಾ, ಮಗುವಾಗಿದ್ರೆ ಬೀಳ್ತಾನೇ ಇರ್ಲಿಲ್ಲ” ಎಂದು ಡೊಲೋರೆಸ್ ಸಮಾಧಾನ ಹೇಳಿದರು. ಮಕ್ಕಳು ನಗು ತಡೆಯಲು ಕಾರಿನ ಹಿಂದೆ ಹೋದರು. ಬ್ರಿಟ್ಟಾ ನಗಲೂ ಇಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಮಡಚುವ ಕುರ್ಚಿಗಳನ್ನು ತಂದಳು.

ನಾಲ್ಕು ಗಂಟೆಗೆ ದೊಡ್ಡ ಬೀದಿಯ ಬದಿಯಲ್ಲಿ ಅವರು ನಾಲ್ವರೂ ಸಾಲಾಗಿ ಕೂತಿದ್ದರು. ಪ್ಲಾಸ್ಟಿಕ್ ಗಾಡಿಯಲ್ಲಿ ನಿಂಬೆ ಶರಬತ್ತಿನ ಜಾಡಿ ಇತ್ತು, ಅದಕ್ಕೆ ಓಟಿಸ್ ಬೆಲ್ಟ್ ಹಾಕಿದ್ದ. ಬ್ಯಾಂಡ್ ಬಂತು. ಮೂರನೆಯ ಸಾಲಿನಲ್ಲಿ ಬಲಗಡೆ ಒಬ್ಬ ಮನುಷ್ಯನ ಅಗಲದ ಜಾಗ ಖಾಲಿ ಬಿಟ್ಟಿದ್ದರು. ಗಾಡಿಯಾದರೆ ಸ್ವಲ್ಪ ಹೆಚ್ಚು ಬೇಕಲ್ಲ, ಅಷ್ಟು. ಟ್ಯೂಬಾ ಇಲ್ಲದ ಹಾಡು ಕೆಳಗೆ ನೆಲವೇ ಇಲ್ಲದ ಹಾಗೆ ತೇಲಿಕೊಂಡು ಹೋಯಿತು. ಎಲ್ಡನ್‌ನ ತುಟಿಗಳು ತಾವಾಗಿಯೇ ಮುದುಡಿ, ಊದಬೇಕಾದ ಕಡೆ ಊದಿ, ಮತ್ತೆ ಸಡಿಲವಾದವು.

“ತಾತ, ಆ ಖಾಲಿ ಜಾಗ ನಿಂದಾ?” ಹೇಝಲ್ ಕೇಳಿದಳು.

“ಹೂಂ.”

“ನೀನು ಊದೋದನ್ನ ನಾನು ನೋಡೇ ಇಲ್ಲ.”

“ನೋಡಿದೀಯ. ನೀನು ಆಗ ನಾಲ್ಕು...” ಎಂದು ಶುರುಮಾಡಿ ಎಲ್ಡನ್ ನಿಲ್ಲಿಸಿದ. ಆ ಲೆಕ್ಕ ಇನ್ನು ನಡೆಯುವುದಿಲ್ಲ.

ಓಟಿಸ್ ಗಾಡಿಯ ಚಿಲಕದ ಬಾಗಿಲನ್ನು ತೆಗೆದು ಹಾಕಿ ಮಾಡುತ್ತಿದ್ದ. “ಇದು ನಮಗೇ ಅಂತ ತಂದಿದ್ದಾ ತಾತ? ಚೆನ್ನಾಗಿದೆ. ಆದ್ರೆ ನಾವು ಇದ್ರಲ್ಲಿ ಹಿಡಿಸಲ್ವಲ್ಲ.”

“ಹಿಡಿಸ್ತಿದ್ರಿ ಕಣೋ. ನಾನೇ ತರೋದು ತಡ ಮಾಡ್ದೆ.”

ಬ್ರಿಟ್ಟಾ ಬೇರೆ ಕಡೆ ನೋಡುತ್ತಲೇ ಅವನ ಕೈಗೆ ಶರಬತ್ತಿನ ಲೋಟ ಕೊಟ್ಟಳು. “ಮುಂದಿನ ವರ್ಷ ಬರ್ತೀವಿ” ಅಂದಳು. ಸ್ವಲ್ಪ ತಡೆದು, “ರಜ ಸಿಕ್ರೆ” ಅಂತ ಸೇರಿಸಿದಳು.

ಎಲ್ಡನ್ ಮೆರವಣಿಗೆಯ ಕರಪತ್ರವನ್ನು ಖಾಲಿ ಬದಿ ಮೇಲೆ ಮಾಡಿ ಮಂಡಿಯ ಮೇಲೆ ಹರಡಿ, ಪಕ್ಕದವರ ಹತ್ತಿರ ಪೆನ್ಸಿಲ್ ಕೇಳಿ ತೆಗೆದುಕೊಂಡ. “ಸರಿಯಾಗಿ ಹೇಳ್ಬೇಕು, ಒಬ್ಬೊಬ್ರೇ” ಅಂದ.

“ಹೇಝಲ್. ಹತ್ತು.”

ಬರೆದ.

“ಓಟಿಸ್. ಎಂಟು.”

ಅದನ್ನೂ ಬರೆದ.

“ತಡಿ ತಾತ, ಎಂಟಲ್ಲ” ಅಂದ ಓಟಿಸ್, ಅವನ ಹೆಗಲ ಮೇಲಿಂದ ಬಗ್ಗಿ. “ಎಂಟೂವರೆ.”

ಎಲ್ಡನ್ ಆ ಅರ್ಧವನ್ನೂ ಬರೆದುಕೊಂಡ.